ನೀರಿನ ಹಿಂದೆ ಹಣ, ಹಣದ ಹಿಂದೆ ಹೊಣೆ

ಕೃಷಿಗೆ ಖಾಸಗಿ ಬಂಡವಾಳ ಹರಿದುಬರಬೇಕೆಂಬ ಮಾತು ಕೇಳಿದೊಡನೆ ನಮ್ಮ ಜನ ದೂರದ ಕಂಪನಿಗಳತ್ತ ಮುಖ ಮಾಡುತ್ತಾರೆ. ಆದರೆ ಹೊಲಕ್ಕೆ ಎಲ್ಲರಿಗಿಂತ ಹೆಚ್ಚು ಹಣ ಸುರಿಯುವವನು ರೈತನೇ ಆಗಿದ್ದಾನೆ. ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ರೈತರು ತಮ್ಮ ಜಮೀನಿನಲ್ಲಿ ತೊಡಗಿಸುವ ಬಂಡವಾಳವು ಉಳಿದೆಲ್ಲ ಮೂಲಗಳನ್ನು ಕೂಡಿಸಿದರೂ ಅದರ ಮೂರು ಪಟ್ಟಿಗಿಂತ ಮಿಗಿಲೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2012ರ ವರದಿಯಲ್ಲಿ ತಿಳಿಸಿದೆ.

ಇದಕ್ಕೆ ನಮ್ಮ ದಾವಣಗೆರೆ ಜಿಲ್ಲೆಯೇ ಸಾಕ್ಷಿ. ಚನ್ನಗಿರಿ ಸೀಮೆಯಲ್ಲಿ ಸೂಳೆಕೆರೆಯನ್ನೂ ಭದ್ರಾ ನಾಲೆಯನ್ನೂ ನೆಚ್ಚಿ ಒಕ್ಕಲು ಮನೆತನಗಳು ಅಡಿಕೆ ತೋಟ ಎಬ್ಬಿಸಿದವು. ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಲ್ಲಿಯವರೆಗಿನ ಖರ್ಚೆಲ್ಲ ಮನೆಯದೇ. ಮಾರಾಟಕ್ಕೆ ತುಮ್ಕೋಸ್ ಎಂಬ ಸಹಕಾರ ಸಂಘ ಆಸರೆಯಾಯಿತು. ಹೊನ್ನಾಳಿಯಲ್ಲಿಯೂ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿಯೂ ಭತ್ತ, ಮೆಕ್ಕೆಜೋಳಗಳೊಡನೆ ಅಡಿಕೆ ಹಬ್ಬಿದೆ. ಆದರೆ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಚನ್ನಗಿರಿಯ ರೈತರು ಟ್ಯಾಂಕರಿನಲ್ಲಿ ನೀರು ತರಿಸಿ ಮರ ಉಳಿಸಿಕೊಳ್ಳಬೇಕಾಯಿತು. ಆ ಹಣವು ಹೊಸದೇನನ್ನೂ ಕಟ್ಟಲಿಲ್ಲ. ಇದ್ದುದನ್ನು ಕಾಯುವುದಕ್ಕೇ ಕರಗಿತು.

ಮಳೆಯನ್ನೇ ನಂಬಿದ ಜಗಳೂರಿನ ಪಾಡು ಇನ್ನೂ ಕಠಿಣ. ನೀರಿನ ಭರವಸೆಯಿಲ್ಲದ ನೆಲಕ್ಕೆ ಹೊರಗಿನ ಹಣ ಬಾರದು. ಒಳಗಿನವನು ಸಾಲ ಮಾಡಿ ಕೊರೆಸಿದ ಬಾವಿ ಬರಿದಾದರೆ ಹೊಲವೇ ಕೈಬಿಡುವ ಭಯ. ಆದುದರಿಂದ ಮೊದಲ ಹೆಜ್ಜೆ ಸರ್ಕಾರದ್ದು. ತುಂಗಭದ್ರೆಯ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಯೂ, 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಿತವಾದ ಭದ್ರಾ ಮೇಲ್ದಂಡೆಯೂ ಜಗಳೂರಿಗೆ ಮುಖ್ಯವಾಗುವುದು ಇದಕ್ಕಾಗಿಯೇ.

ಎರಡನೆಯ ಹೆಜ್ಜೆ ಹಣವುಳ್ಳವರದು. ಮೆಕ್ಕೆಜೋಳದ ಕೊಯ್ಲಿಗೆ ಮಳೆ ತಗುಲಿದರೆ ರೈತ ರಸ್ತೆಯ ಮೇಲೆ ಕಾಳು ಹರವುತ್ತಾನೆ. ತೇವಾಂಶ ಹೆಚ್ಚೆಂದು ವ್ಯಾಪಾರಿ ಬೆಲೆ ಮುರಿಯುತ್ತಾನೆ. ಇಲ್ಲಿ ಬೇಕಾದುದು ಒಣಗಿಸುವ ಯಂತ್ರ, ಗೋದಾಮು. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯು ಇಂಥ ಕೆಲಸಗಳಿಗೆಂದೇ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ರಿಯಾಯಿತಿ ಕಲ್ಪಿಸಿತು.

ಅದೇ 2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯು ಕೃಷಿಕರಲ್ಲದವರಿಗೂ ಸಾಗುವಳಿ ಭೂಮಿ ಕೊಳ್ಳಲು ದಾರಿ ತೆರೆಯಿತು. ಭೂಮಿ ಕೊಂಡು ಬೇಲಿ ಹಾಕಿ ಬೆಲೆಯೇರಲೆಂದು ಕಾಯುವುದನ್ನು ನಾವು ಬಂಡವಾಳ ಹೂಡಿಕೆಯೆಂದು ಒಪ್ಪಲಾರೆವು. ಅದರಿಂದ ಒಂದು ಕಾಳೂ ಹೆಚ್ಚು ಬೆಳೆಯದು. ಬೆಳೆಗಾರನ ನಷ್ಟದಲ್ಲಿಯೂ ಪಾಲುಗೊಳ್ಳುವ ಹಣವೇ ಕೃಷಿಗೆ ಒದಗುವ ಹಣ. ಕಂಪನಿಯು ಒಪ್ಪಂದ ತಂದರೆ ಬೆಲೆ, ತೂಕ, ಹಣ ಸಂದಾಯದ ದಿನಗಳೆಲ್ಲ ಕನ್ನಡದಲ್ಲಿ ಬರೆದಿರಲಿ. ಊರಿನ ಹತ್ತಾರು ರೈತರು ಕೂಡಿ ಓದಿಸಿ, ಅನಂತರ ರುಜು ಹಾಕಲಿ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಈ ತಾಲ್ಲೂಕುಗಳಿಂದ ಹೋಗಿ ಪಟ್ಟಣಗಳಲ್ಲಿ ಗಳಿಸುತ್ತಿರುವ ಮಕ್ಕಳು ಎರಡನೆಯ ನಿವೇಶನ ಕೊಳ್ಳುವ ಮುನ್ನ ಹುಟ್ಟೂರಿನ ಗೋದಾಮಿನ ಲೆಕ್ಕವನ್ನೊಮ್ಮೆ ಹಾಕಿ ನೋಡಲಿ. ತಮ್ಮನ್ನು ಓದಿಸಿದ್ದು ಆ ಹೊಲದ ಬೆಳೆಯೇ ಅಲ್ಲವೆ?