ವಿಮಾನವೇರಿದ ಮೇಲೆ ಕೋರ್ಟಿಲ್ಲವೆ?

2025ರ ಮಾರ್ಚ್ 15ರ ಸಂಜೆ ವಾಷಿಂಗ್‌ಟನ್ನಿನ ನ್ಯಾಯಾಧೀಶ ಬೋಸ್‌ಬರ್ಗ್ ಅವರು, ಗಡೀಪಾರಾದವರನ್ನು ಹೊತ್ತು ಹಾರಿದ್ದ ವಿಮಾನಗಳನ್ನು ಹಿಂದಕ್ಕೆ ತಿರುಗಿಸಿರೆಂದು ಕೋರ್ಟಿನಲ್ಲೇ ಆಜ್ಞೆ ಮಾಡಿದರು. ವಿಮಾನಗಳು ತಿರುಗಲಿಲ್ಲ. ಟ್ರಂಪ್ ಸರ್ಕಾರವು ಯುದ್ಧಕಾಲಕ್ಕೆಂದು 1798ರಲ್ಲಿ ಮಾಡಿದ್ದ ಕಾನೂನಿನ ಧೂಳು ಕೊಡವಿ, ನೂರಕ್ಕೂ ಮಿಕ್ಕಿದ ವೆನಿಜುವೆಲಾದವರನ್ನು ಪಾತಕಿಗಳೆಂದು ಕರೆದು, ವಿಚಾರಣೆಯಿಲ್ಲದೆ ಎಲ್ ಸಾಲ್ವಡಾರಿನ ಸೆರೆಮನೆಗೆ ತಳ್ಳಿತು. ಬಾಯಿಮಾತು ಆಜ್ಞೆಯಲ್ಲ, ಲಿಖಿತದಲ್ಲಿ ವಿಮಾನದ ಮಾತೇ ಇಲ್ಲ ಎಂದು ಸರ್ಕಾರದ ವಕೀಲರು ವಾದಿಸಿದರು!

ನಮ್ಮ ಓದುಗರಿಗೆ ಈ ಜಾತಿಯ ವಾದ ಹೊಸತಲ್ಲ. ಟ್ರಿಬ್ಯೂನಲ್ಲಿನ ತೀರ್ಪು ಕೈಯಲ್ಲಿ ಹಿಡಿದು ಮಿಲ್ಲಿನ ಗೇಟಿನ ಹೊರಗೆ ನಿಂತವನನ್ನು, ತಡೆಯಾಜ್ಞೆ ತರುವಷ್ಟರಲ್ಲಿ ಅಂಗಡಿಯ ತಗಡು ಕಳೆದುಕೊಂಡವನನ್ನು ಕೇಳಿ.

ಅದೇ ದಿನ ಮೇರಿಲ್ಯಾಂಡಿನ ಒಬ್ಬ ಕಾರ್ಮಿಕನನ್ನೂ ಸಾಗಿಸಲಾಯಿತು. ಅವನನ್ನು ಎಲ್ ಸಾಲ್ವಡಾರಿಗೆ ಕಳಿಸಕೂಡದೆಂದು 2019ರಲ್ಲೇ ಆಜ್ಞೆಯಾಗಿತ್ತು. ತಪ್ಪಾಯಿತೆಂದು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಅವನು ಹಿಂದಿರುಗಲು ಅನುಕೂಲ ಮಾಡಿಕೊಡಬೇಕೆಂದು ಏಪ್ರಿಲ್ 10ರಂದು ಸುಪ್ರೀಂ ಕೋರ್ಟೂ ಹೇಳಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಒಬ್ಬರೂ ಇಲ್ಲ. ಅನುಕೂಲವೆಂದರೆ, ಆ ದೇಶದವರು ತಾವಾಗಿ ಬಿಟ್ಟರೆ ಬಾಗಿಲು ತೆರೆಯುವುದಷ್ಟೇ ಎಂದು ಸರ್ಕಾರ ಅರ್ಥ ಹೇಳಿತು. ಅವನು ಬಂದದ್ದು ಜೂನ್ 6ಕ್ಕೆ, ಅದೂ ಹೊಸದೊಂದು ಮೊಕದ್ದಮೆಯನ್ನು ತಲೆಯ ಮೇಲೆ ಹೊತ್ತು.

ಪರದೇಶದವರನ್ನು ಹೊರಗೆ ಕಳಿಸುವ ಅಧಿಕಾರ ಯಾವ ರಾಜ್ಯಕ್ಕೂ ಉಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಬೋಸ್‌ಬರ್ಗರ ಆಜ್ಞೆಯನ್ನು ಏಪ್ರಿಲ್ 7ರಂದು ಸುಪ್ರೀಂ ಕೋರ್ಟು, ದಾವೆ ಹೂಡಿದ ಸ್ಥಳ ಸರಿಯಲ್ಲವೆಂದು, ರದ್ದು ಮಾಡಿದ್ದೂ ನಿಜ. ಆದರೆ ಕಳಿಸುವ ಮುನ್ನ ನೋಟೀಸು ಕೊಡಬೇಕು, ಕೋರ್ಟಿಗೆ ಹೋಗಲು ಅವಕಾಶ ಕೊಡಬೇಕೆಂದು ಅದೇ ತೀರ್ಪು ಹೇಳಿದೆ. ಅಲ್ಲದೆ ರದ್ದಾಗುವವರೆಗೆ ಆಜ್ಞೆ ಆಜ್ಞೆಯೇ. ಬ್ರಿಟನ್ನಿನಲ್ಲಿ 1991ರಲ್ಲಿ ಜಾಯಿರಿನ ಒಬ್ಬ ಉಪಾಧ್ಯಾಯನನ್ನು ಹಿಂದೆ ಕರೆಸೆಂದು ನ್ಯಾಯಾಧೀಶರು ರಾತ್ರಿಯಲ್ಲೇ ಆಜ್ಞೆ ಮಾಡಿದ್ದರು. ಗೃಹಮಂತ್ರಿ ಬೇಕರ್ ವಕೀಲರ ಸಲಹೆಯ ಮೇಲೆ ಆ ಏರ್ಪಾಟು ನಿಲ್ಲಿಸಿದರು. ಮಂತ್ರಿಯೂ ನ್ಯಾಯಾಂಗನಿಂದನೆಗೆ ಗುರಿಯೆಂದು 1993ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಅಲ್ಲಿ ಮಂತ್ರಿ ಉತ್ತರ ಹೇಳಬೇಕಾಯಿತು. ಅಮೆರಿಕಾದಲ್ಲಿ ಉತ್ತರ ಹೇಳಬೇಕಾದವರು ಯಾರು? ನಿಂದನೆಗೆ ಸಾಕಷ್ಟು ಆಧಾರವಿದೆ ಎಂದು ಬೋಸ್‌ಬರ್ಗ್ ಹೇಳಿದರು; ಮೇಲ್ಮನವಿ ಕೋರ್ಟು ಆಗಸ್ಟಿನಲ್ಲಿ ಅದನ್ನು ತಳ್ಳಿಹಾಕಿತು.

ವೆನಿಜುವೆಲಾದವರು ಎಲ್ ಸಾಲ್ವಡಾರಿನ ಸೆರೆಯಿಂದ ಹೊರಬಂದದ್ದು 2025ರ ಜುಲೈ 18ರಂದು. ಯಾವ ಕೋರ್ಟಿನ ಆಜ್ಞೆಯಿಂದಲೂ ಅಲ್ಲ, ಸರ್ಕಾರಗಳು ಕೈದಿಗಳನ್ನು ಅದಲುಬದಲು ಮಾಡಿಕೊಂಡ ವ್ಯಾಪಾರದಿಂದ.