ದಿಲ್ಲಿಯ ಗೋಪುರ, ಹಲಗಲಿಯ ಗಲ್ಲು

ದಿಲ್ಲಿಯ ಉತ್ತರದ ದಿಬ್ಬದ ಮೇಲೆ ಕೆಂಪು ಕಲ್ಲಿನ ಎಂಟು ಮೂಲೆಯ ಗೋಪುರವೊಂದಿದೆ. 1857ರಲ್ಲಿ ದಿಲ್ಲಿಯನ್ನು ಮುತ್ತಿ ಗೆದ್ದ ತಮ್ಮ ದಂಡಿನ ನೆನಪಿಗೆ ಇಂಗ್ಲಿಷರು 1863ರಲ್ಲಿ ಅದನ್ನು ಕಟ್ಟಿಸಿದರು. ಸತ್ತ ಸಾಹೇಬರ ಹೆಸರುಗಳನ್ನು ಕೆತ್ತಿಸಿದರು. ಅವರಿಗಾಗಿಯೇ ಸತ್ತ ಕರಿಯ ಸಿಪಾಯಿಗೆ ಹೆಸರಿಲ್ಲ, ಬರೀ ಲೆಕ್ಕ. ಎದುರು ನಿಂತವರೋ, ಕಲ್ಲಿನ ಭಾಷೆಯಲ್ಲಿ ‘ಶತ್ರು’ಗಳು! ಆ ಶತ್ರುಗಳು ಪರಕೀಯ ಆಳಿಕೆಯ ವಿರುದ್ಧ ಎದ್ದವರೆಂದು ಒಂದು ಫಲಕ ಹಾಕಲು ಸ್ವತಂತ್ರ ಸರಕಾರಕ್ಕೆ 25 ವರ್ಷ ಹಿಡಿಯಿತು. 1972ರಲ್ಲಿ ಗೋಪುರಕ್ಕೆ ಅಜಿತಗಢವೆಂದು ಹೆಸರಿಟ್ಟರು.

ಅದೇ 1857ರಲ್ಲಿ ನಮ್ಮ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಏನಾಯಿತು? ಹತಾರ ಒಪ್ಪಿಸಿರೆಂದು ಕಂಪನಿಯ ಕಾಯಿದೆ ಬಂತು. ಬೇಡರಿಗೆ ಹತಾರವೆಂದರೆ ಬನಹಟ್ಟಿಯ ನೇಕಾರನಿಗೆ ಮಗ್ಗವಿದ್ದಂತೆ, ಪೇಟೆಯ ಅಂಗಡಿಕಾರನಿಗೆ ತಕ್ಕಡಿಯಿದ್ದಂತೆ. ಕೊಡುವುದಿಲ್ಲವೆಂದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಜನರಿಗೆ ಗಲ್ಲು. 14ಕ್ಕೆ ಹಲಗಲಿಯಲ್ಲೇ, ಸುಟ್ಟ ಮನೆಗಳ ಮುಂದೆ, ಮತ್ತೆ 6 ಜನರಿಗೆ.

ಇವರಿಗೆ ಆಗ ಗೋಪುರ ಕಟ್ಟುವವರಾರು? ಖಜಾನೆ ಸರಕಾರದ್ದು, ಕಲ್ಲುಕುಟಿಗನ ಕೂಲಿ ಕೊಡುವವನೂ ಸರಕಾರ. ಹನುಮ, ಬಾಲ, ಜಡಗ, ರಾಮರ ಹೆಸರನ್ನು ಉಳಿಸಿದ್ದು ಲಾವಣಿಕಾರನ ಗಂಟಲು. ತಮಾಷೆಯೆಂದರೆ, ಆ ಲಾವಣಿಯನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಅದೇ ಸರಕಾರದ ಅಧಿಕಾರಿ ಫ್ಲೀಟ್ ಸಾಹೇಬ. ಅಷ್ಟರ ಮಟ್ಟಿಗೆ ಅವನಿಗೆ ನಾವು ಋಣಿಗಳು.

ಹೊಟ್ಟೆಗೆ ಇಲ್ಲದವರಿಗೆ ಸ್ಮಾರಕವೇಕೆ ಎಂದು ಕೇಳುವ ಮಿತ್ರರು ನಮ್ಮಲ್ಲೇ ಇದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ಕಲ್ಲು ಕೆತ್ತಿಸಿದವನು ಯಾರು ಶತ್ರು, ಯಾರು ಶೂರ ಎಂಬುದನ್ನೂ ಕೆತ್ತಿಸಿಬಿಡುತ್ತಾನೆ. ದಿಲ್ಲಿಯ ದಿಬ್ಬ ಹತ್ತಿ ಓದಿದವರಿಗೆ ಇದು ಗೊತ್ತು. ಮುಷ್ಕರ ಹೂಡಿದ ಗಿರಣಿ ಕಾರ್ಮಿಕನನ್ನು ಮಾಲೀಕನ ದಫ್ತರದಲ್ಲಿ ಏನೆಂದು ಬರೆದಿರುತ್ತಾರೆಂಬುದು ನಮಗೂ ಗೊತ್ತು.

ನಮ್ಮ ನಾಡಿನ ಸ್ಮಾರಕಗಳದು ಇನ್ನೊಂದು ರೋಗ. ಸತ್ತವನ ಹೆಸರಿಗಿಂತ ಉದ್ಘಾಟಿಸಿದ ಮಂತ್ರಿಯ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ. ಅಧ್ಯಕ್ಷತೆ, ಉಪಸ್ಥಿತಿ, ಗುತ್ತಿಗೆದಾರ ಎಲ್ಲರಿಗೂ ಜಾಗವುಂಟು. ದಿಲ್ಲಿಯಲ್ಲಿ ಇಂಗ್ಲಿಷರು ತಮ್ಮ ಸತ್ತವರಿಗಾದರೂ ಕಲ್ಲು ಬಿಟ್ಟುಕೊಟ್ಟರು!

ಆದ್ದರಿಂದ ಹಲಗಲಿಯಲ್ಲಿಯೂ ಗಲ್ಲು ನಡೆದ ಮುಧೋಳದಲ್ಲಿಯೂ 19 ಜನರ ಹೆಸರು ಒಂದೊಂದಾಗಿ ಕಲ್ಲಿನ ಮೇಲಿರಬೇಕೆಂದು ನಾವು ಒತ್ತಾಯಿಸುತ್ತೇವೆ. ಅವರನ್ನು ಕೊಂದ ಕಾಯಿದೆಯ ಹೆಸರೂ ಕೆಳಗಿರಲಿ. ದಫ್ತರದಲ್ಲಿ ಸಿಗದ ಹೆಸರಿನ ಸಾಲನ್ನು ಖಾಲಿ ಬಿಡಿರಿ. ಆ ಸಾಲಿನಲ್ಲಿ ಮಂತ್ರಿಯ ಹೆಸರು ಬೇಡ.