ಕುಲುಮೆಗೆ ಹಾಕುವ ಮೊದಲು

2020ನೆಯ ಇಸವಿ ಜನವರಿ 26ರ ಕವಾಯಿತಿನೊಡನೆ ಉತ್ತರ ಪ್ರದೇಶದ ಪೋಲೀಸರು ತಮ್ಮ .303 ರೈಫಲುಗಳಿಗೆ ವಿದಾಯ ಹೇಳಿದರು. ಇತರ ರಾಜ್ಯಗಳ ಠಾಣೆಗಳಿಂದಲೂ ಈ ಜಾತಿಯ ಬಂದೂಕು ಕ್ರಮೇಣ ಮರೆಯಾಗುತ್ತಿದೆ. ಸವೆದ ಆಯುಧವನ್ನು ಬಿಟ್ಟು ಹೊಸದನ್ನು ಹಿಡಿಯುವುದು ಯುಕ್ತವೇ ಸರಿ. ಆದರೆ ಹಾಗೆ ಬಿಟ್ಟ ಆಯುಧಗಳಿಗೆಲ್ಲ ಕುಲುಮೆಯೊಂದೇ ಗತಿಯೆಂದು ನಾವು ಒಪ್ಪಲಾರೆವು. ಕರಗಿಸುವ ಮೊದಲು ಅವುಗಳನ್ನು ಗುರುತಿಸಿ, ವಿಂಗಡಿಸಿ, ಆಯ್ದ ಕೆಲವನ್ನು ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಇರಿಸತಕ್ಕದ್ದೆಂಬುದು ನಮ್ಮ ವಾದ.

ಪರರಾಜ್ಯದವರು ನಮ್ಮನ್ನು ಅಂಕೆಯಲ್ಲಿಡಲು ತಂದ ಸಾಧನವನ್ನು ನಾವೇಕೆ ಕಾಪಾಡಬೇಕೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 1919ರಲ್ಲಿ ಜಲಿಯನ್‌ವಾಲಾ ಬಾಗಿನ ನಿರಾಯುಧ ಜನರ ಮೇಲೆ 1,650 ಗುಂಡುಗಳು ಹಾರಿದುದು ಇದೇ ಲೀ-ಎನ್‌ಫೀಲ್ಡ್ ರೈಫಲುಗಳಿಂದ. ಆದರೆ 1947-48ರಲ್ಲಿ ಕಾಶ್ಮೀರವನ್ನು ಕಾಯ್ದ ನಮ್ಮ ಸಿಪಾಯಿಗಳ ಹೆಗಲ ಮೇಲಿದ್ದುದೂ ಇದೇ. 1962ರಲ್ಲಿ ಹಿಮಾಲಯದ ಚಳಿಯಲ್ಲಿ ಚೀನೀ ಸೈನ್ಯವನ್ನು ಎದುರಿಸಿದವರ ಕೈಯಲ್ಲಿದ್ದುದೂ ಇದೇ. ನಮ್ಮ ಅವಮಾನಕ್ಕೂ ನಮ್ಮ ಶೌರ್ಯಕ್ಕೂ ಒಂದೇ ವಸ್ತು ಸಾಕ್ಷಿಯಾಗಿರುವಾಗ, ಆ ಸಾಕ್ಷಿಯನ್ನು ನಾಶಮಾಡುವುದು ವಿವೇಕವಾಗಲಾರದು.

ಸಾಕ್ಷಿಯ ಮಾತನ್ನು ಕೇಳಬೇಕಾದರೆ ಅದರ ಭಾಷೆ ತಿಳಿದಿರಬೇಕು. ಈ ಬಂದೂಕುಗಳ ಭಾಷೆಯೆಂದರೆ ಅವುಗಳ ಮೇಲಿನ ಮುದ್ರೆಗಳು. ಹಿಂಬದಿಯ ಮರವು ಬಂದೂಕಿನ ಒಡಲನ್ನು ಸೇರುವೆಡೆಯಲ್ಲಿರುವ ಕಬ್ಬಿಣದ ಪಟ್ಟಿಯ ಬಲಮಗ್ಗುಲನ್ನು ನೋಡಿದರೆ, ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದುದಕ್ಕೆ ಕಿರೀಟವೂ ಜಿ.ಆರ್.ಐ. ಎಂಬ ರಾಜಾಕ್ಷರಗಳೂ ಇಸವಿಯೂ ಕಾಣುವುವು. ಸ್ವಾತಂತ್ರ್ಯಾನಂತರದವುಗಳಲ್ಲಿ ಆ ಕಿರೀಟವಿಲ್ಲ; ಆರ್.ಎಫ್.ಐ. ಎಂಬ ಕಾರ್ಖಾನೆಯ ಹೆಸರು ಬಂದಿದೆ. ಒಂದೇ ಕಾರ್ಖಾನೆಯ ಎರಡು ಬಂದೂಕುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ರಾಜ್ಯವು ಕೈಬದಲಾದ ಕಥೆಯನ್ನು ಬಾಲಕನೂ ಓದಬಲ್ಲನು.

ಹೊರನೋಟಕ್ಕೆ ಹಳೆಯದೆಂದು ತೋರುವುದೆಲ್ಲ ಹಳೆಯದಲ್ಲ. ಚೀನದೊಡನೆ ಯುದ್ಧವಾದ ಬಳಿಕ ಈಶಾಪುರದವರು ಅದೇ ಆಕಾರವನ್ನು ಉಳಿಸಿಕೊಂಡು, ಇನ್ನೂ ಗಟ್ಟಿಯಾದ ಉಕ್ಕಿನಿಂದ 7.62 ಮಿಲಿಮೀಟರ್ ತೋಟಾಕ್ಕೆ ತಕ್ಕ ‘2ಎ’ ಮತ್ತು ‘2ಎ1’ ಮಾದರಿಗಳನ್ನು ಮಾಡಿದರು. ಚೌಕನಾದ ತೋಟಾಪೆಟ್ಟಿಗೆಯನ್ನು ಕಂಡೊಡನೆ ಇವುಗಳ ಗುರುತು ಹತ್ತುವುದು. ಹಾಗೆಯೇ .410 ಮಸ್ಕೆಟ್ಟೆಂಬುದೊಂದುಂಟು. ಅದೂ ಹೊರಗಿನಿಂದ .303 ರೈಫಲೇ. ನಳಿಗೆಯೊಳಗೆ ಕಣ್ಣಿಟ್ಟರೆ ಮಾತ್ರ ಸುರುಳಿ ಗೀರುಗಳಿಲ್ಲದ ನುಣುಪಾದ ಕೊಳವೆ ಕಾಣುವುದು. ಪಹರೆಯವರಿಗೂ ಪೋಲೀಸರಿಗೂ ಕೊಟ್ಟ ಈ ಆಯುಧವನ್ನು ಸೈನ್ಯದ ತೋಟಾಕ್ಕಾಗಿ ಮಾಡಿರಲಿಲ್ಲ. ಒಂದು ಸಲಕ್ಕೆ ಒಂದೇ ತೋಟಾ ತುಂಬಬೇಕಾಗಿತ್ತು. ಆಳುವವರು ತಾವೇ ನೇಮಿಸಿದ ಕಾವಲುಗಾರನನ್ನು ಎಷ್ಟರಮಟ್ಟಿಗೆ ನಂಬಿದ್ದರೆಂಬುದನ್ನು ಅಳೆಯಲು ಇದಕ್ಕಿಂತ ಬೇರೆ ಮಾನದಂಡ ಬೇಕೆ?

ಗುರಿಪಂದ್ಯದ ರೈಫಲುಗಳ ವಿಷಯದಲ್ಲಂತೂ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಇಂಗ್ಲೆಂಡಿನ ರೈಫಲ್ ಸಂಘದ ಪಂದ್ಯಗಳು 1860ರಲ್ಲಿ ವಿಂಬಲ್ಡನ್ನಿನಲ್ಲಿ ಆರಂಭವಾಗಿ, 1890ರಿಂದ ಬಿಸ್ಲಿಯಲ್ಲಿ ನಡೆಯುತ್ತ ಬಂದಿವೆ. ಅಲ್ಲಿ ಸಾಮಾನ್ಯ ಸೈನಿಕ ಬಂದೂಕಿಗೇ ಕಣ್ಣಿನ ಬಳಿ ಸಣ್ಣ ರಂಧ್ರದ ಗುರಿಕಟ್ಟನ್ನು ಜೋಡಿಸಿ, ನಳಿಗೆಯು ಮರದಲ್ಲಿ ಕೂರುವ ಬಗೆಯನ್ನು ತಿದ್ದಿ, ದೂರದ ಗುರಿಗೆ ಹದಮಾಡುತ್ತಿದ್ದರು. ಬಿಸ್ಲಿಯ ಫುಲ್ಟನ್ನರಂತಹ ಕಸಬುದಾರರು ತಾವು ಹದಮಾಡಿದುದಕ್ಕೆ ತಮ್ಮ ಮುದ್ರೆಯನ್ನೂ ಒತ್ತುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ, ಕಾರ್ಖಾನೆಯ ಪರೀಕ್ಷೆಯಲ್ಲಿ ನಿಖರವೆಂದು ಕಂಡ ನಾಲ್ಕನೆಯ ಮಾದರಿಯ ರೈಫಲುಗಳನ್ನು ಆರಿಸಿ ದೂರದರ್ಶಕವನ್ನು ಜೋಡಿಸಿದರು. ಈ ಕೆಲಸದ ಬಹುಪಾಲು ಹಾಲಂಡ್ ಅಂಡ್ ಹಾಲಂಡ್ ಕಂಪನಿಯದು. ದೂರದರ್ಶಕದ ಸಂಖ್ಯೆಯನ್ನು ಆ ರೈಫಲಿನ ಮರದ ಮೇಲೆಯೇ ಒತ್ತುತ್ತಿದ್ದರು. ಎರಡೂ ಸಂಖ್ಯೆಗಳು ಹೊಂದಿದರೆ ಜೋಡಿ ಅಸಲು. ಇಂದು ಹೆಚ್ಚಿನ ಬೆಲೆಯ ಆಸೆಯಿಂದ ಸಾಧಾರಣ ಬಂದೂಕಿಗೆ ದೂರದರ್ಶಕದ ಕೊಂಡಿಯನ್ನು ಬೆಸೆದು ಅಸಲೆಂದು ಮಾರುವವರು ಪಶ್ಚಿಮ ದೇಶಗಳಲ್ಲಿ ಉಂಟು. ಆದುದರಿಂದಲೇ ಅಲ್ಲಿನ ಸಂಗ್ರಾಹಕರು ಬೋಲ್ಟು, ನಳಿಗೆ, ಒಡಲು ಈ ಮೂರರ ಸಂಖ್ಯೆಗಳನ್ನೂ ಹೋಲಿಸಿ ನೋಡದೆ ಹಣ ಕೊಡುವುದಿಲ್ಲ. ಮರವನ್ನು ಉಜ್ಜಿ ಮೆರುಗೆಣ್ಣೆ ಬಳಿದವನು, ಬಂದೂಕನ್ನು ಚೆಂದಗೊಳಿಸಿದೆನೆಂದು ತಿಳಿದು ಅದರ ಚರಿತ್ರೆಯನ್ನೇ ಅಳಿಸಿರುತ್ತಾನೆ. ನಮ್ಮ ಸಂಗ್ರಹಾಲಯಗಳಲ್ಲಿ ಪ್ರತಿವರ್ಷ ಬಣ್ಣ ಬಳಿಸುವ ಅಧಿಕಾರಿಗಳು ಈ ಮಾತನ್ನು ಅವಶ್ಯವಾಗಿ ಗಮನಿಸಬೇಕು.

ಹಾಗಾದರೆ ಇವುಗಳನ್ನು ಶ್ರೀಮಂತರ ಮನೆಗಳಿಗೆ ಹಂಚಬೇಕೆಂದು ನಾವು ಹೇಳುವೆವೆ? ಖಂಡಿತವಾಗಿಯೂ ಇಲ್ಲ. .303 ಮತ್ತು 7.62 ಮಿಲಿಮೀಟರ್‌ನ ಸೈನಿಕ ತೋಟಾ ಹಾರಿಸುವ ರೈಫಲುಗಳನ್ನು ನಮ್ಮ ಶಸ್ತ್ರ ನಿಯಮಗಳು ನಿಷಿದ್ಧ ವರ್ಗದಲ್ಲಿರಿಸಿವೆ. 2019ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಈ ಬಿಗಿಯನ್ನು ಸಡಿಲಿಸಬೇಕೆಂದು ನಾವು ಕೇಳುವುದಿಲ್ಲ. 1878ರ ಶಸ್ತ್ರ ಶಾಸನವು ಭಾರತೀಯರ ಮೇಲಿನ ಅಪನಂಬಿಕೆಯಿಂದ ಹುಟ್ಟಿತು. ಅದಕ್ಕೆ ಉತ್ತರವಾಗಿ 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೆ ಒಳಪಟ್ಟು ಶಸ್ತ್ರ ಧರಿಸುವುದು ನಾಗರಿಕನ ಹಕ್ಕೆಂದು ಸಾರಿತು. ಆ ನಿರ್ಣಯವು ಹಕ್ಕನ್ನೂ ನಿಯಮವನ್ನೂ ಒಂದೇ ಉಸಿರಿನಲ್ಲಿ ಹೇಳಿದುದನ್ನು ಮರೆಯಬಾರದು. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘವನ್ನು ಕಟ್ಟಿದವರು ಗಾಂಧೀಜಿಯವರ ಅನುಯಾಯಿಗಳೂ ಲೋಕಸಭೆಯ ಮೊದಲ ಅಧ್ಯಕ್ಷರೂ ಆದ ಶ್ರೀ ಜಿ. ವಿ. ಮಾವಳಂಕರರು. ಗುರಿಯ ಅಭ್ಯಾಸಕ್ಕೂ ಅಹಿಂಸೆಯ ನಿಷ್ಠೆಗೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಬಂದೂಕಿನೊಡನೆ ಸಂಯಮದಿಂದ ಬಾಳುವುದನ್ನು ಕನ್ನಡನಾಡು ಹೊರಗಿನವರಿಂದ ಕಲಿಯಬೇಕಾಗಿಲ್ಲ. 1861ರಿಂದ ಲೈಸೆನ್ಸಿನ ವಿನಾಯಿತಿ ಪಡೆದಿರುವ ಕೊಡಗಿನಲ್ಲಿ ಕೈಲ್‌ಪೋದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುವರು. ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯವಾಡುವರು. ಈ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆಯುಧವನ್ನು ಗೌರವಿಸಲು ಬಲ್ಲ ನಾಡಿಗೆ ಅದರ ಚರಿತ್ರೆಯನ್ನು ಉಳಿಸುವುದು ಕಷ್ಟವಾಗಲಾರದು.

ಮಾಡಬೇಕಾದುದು ಇಷ್ಟೆ. ಪ್ರತಿಯೊಂದು ಜಿಲ್ಲೆಯ ಪೋಲೀಸ್ ಶಸ್ತ್ರಾಗಾರದಲ್ಲಿ ವಿಲೇವಾರಿಗಾಗಿ ಬೇರ್ಪಡಿಸಿದ ಬಂದೂಕುಗಳ ಮುದ್ರೆ, ಇಸವಿ, ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆಸಿ ಭಾವಚಿತ್ರ ತೆಗೆಯಿಸಲಿ. ಒಂದೊಂದು ಮಾದರಿಯಲ್ಲಿ ಒಂದೆರಡನ್ನು, ದುರಸ್ತಿಯಾದರೂ ಗುಂಡು ಹಾರಿಸಲಾಗದಂತೆ ಮಾಡಿ, ಮುದ್ರೆಗಳಿಗೆ ಮಾತ್ರ ಊನ ತಗಲದಂತೆ ಉಳಿಸಲಿ. ಪುರಾತನ ಮೌಲ್ಯದ, ಹಾರಿಸಲು ಬಾರದ ಆಯುಧಗಳಿಗೆ 1959ರ ಅಧಿನಿಯಮದ 45ನೆಯ ಪ್ರಕರಣದಲ್ಲಿ ಆಗಲೇ ಎಡೆಯಿದೆ. ಹೀಗೆ ಉಳಿದವನ್ನು ಇರಿಸಲು ಮಡಿಕೇರಿಯಲ್ಲಿ 2021ರಲ್ಲಿ ತೆರೆದ ಜನರಲ್ ತಿಮ್ಮಯ್ಯನವರ ಸ್ಮಾರಕ ಸಂಗ್ರಹಾಲಯದಂತಹ ಸ್ಥಳಗಳು ತಕ್ಕವು. ಮಿಕ್ಕವು ಕರಗಿಹೋಗಲಿ, ನಮಗೆ ಚಿಂತೆಯಿಲ್ಲ.

ಇದಕ್ಕೆ ತಗಲುವ ವೆಚ್ಚ ಅಲ್ಪ. ಬೇಕಾದುದು ಅಧಿಕಾರಿಗಳ ಕೆಲವು ದಿನಗಳ ಶ್ರದ್ಧೆ ಮಾತ್ರ. ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಮತ್ತೆ ಬಂದೂಕಾಗಿ ಎರೆಯಬಹುದು. ಅದರ ಮೇಲಿದ್ದ ಬರಹವನ್ನು ಎರೆಯಲು ಯಾವ ಲೋಹಕಾರನಿಂದಲೂ ಆಗದು. ಸರ್ಕಾರದವರು ವಿಲೇವಾರಿಯ ಹುಕುಮಿಗೆ ಸಹಿ ಹಾಕುವ ಮೊದಲೇ ಇದನ್ನು ಮನಗಾಣುವರೆಂದು ಹಾರೈಸುತ್ತೇವೆ.